ಪಡಿತರ ಚೀಲದೊಳಗಿನ ನೀರು

2023ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರದ ಬಳಿ ಅಕ್ಕಿ ಕೊಳ್ಳಲು ದುಡ್ಡಿತ್ತು, ಕೊಳ್ಳಲು ಅಕ್ಕಿ ಇರಲಿಲ್ಲ. ಪಡಿತರದ ಅನ್ನಭಾಗ್ಯ ಯೋಜನೆಯಲ್ಲಿ ತಲಾ ಐದು ಕಿಲೋ ಹೆಚ್ಚುವರಿ ಕೊಡುತ್ತೇವೆಂದು ಹೊಸ ಸರ್ಕಾರ ಹೇಳಿಯಾಗಿತ್ತು. ಅದಕ್ಕೆ ತಿಂಗಳಿಗೆ 2.28 ಲಕ್ಷ ಟನ್ ಬೇಕು. ಭಾರತೀಯ ಆಹಾರ ನಿಗಮದಿಂದ ಕೊಳ್ಳೋಣವೆಂದರೆ, ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ಅದೇ ತಿಂಗಳು ನಿಲ್ಲಿಸಿತು. ಬೇರೆ ರಾಜ್ಯಗಳ ಬಾಗಿಲು ತಟ್ಟಿದ್ದೂ ಆಯಿತು. ಕೊನೆಗೆ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲಾ 170 ರೂಪಾಯಿ ಬ್ಯಾಂಕ್ ಖಾತೆಗೆ ಬಿತ್ತು. ಇದರಲ್ಲಿ ರಾಜಕೀಯ ಎಷ್ಟು, ನಿಜವಾದ ಕೊರತೆ ಎಷ್ಟು ಎಂಬ ಜಗಳ ಆಗಲೂ ಇತ್ತು, ಈಗಲೂ ಇದೆ. ಆದರೆ ಮುಂದೆ ನಡೆದದ್ದನ್ನು ನೋಡಿ.

ಜುಲೈ 20ರಂದು ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತನ್ನು ಕೇಂದ್ರ ನಿಷೇಧಿಸಿತು. ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸೋನಾ ಮಸೂರಿ ಚೀಲಕ್ಕಾಗಿ ಸಾಲು ಹತ್ತಿತು. ಕೆಲವೆಡೆ ಮನೆಗೆ ಒಂದೇ ಚೀಲವೆಂದು ಬೋರ್ಡು ಹಾಕಿದರು. ಆಗಸ್ಟ್ ಬಂತು, ಮಳೆ ಬರಲಿಲ್ಲ. 1901ರಿಂದ ಇಟ್ಟುಕೊಂಡು ಬಂದ ದಾಖಲೆಗಳಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ನಮ್ಮಲ್ಲಿ ಆಶ್ಲೇಷ, ಮಘೆ ಎರಡೂ ಕೈಕೊಟ್ಟವು. ವರ್ಷ ಮುಗಿಯುವಷ್ಟರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ನೀರಿನ ಕೊರತೆ ಒಂದು ದೇಶದ ಊಟವನ್ನು ಹೇಗೆ ಮುಟ್ಟುತ್ತದೆ ಎಂದು ಹೊಸದಾಗಿ ತಿಳಿಯ ಹೊರಟವರಿಗೆ ಈ ಮೂರು ತಿಂಗಳು ಒಳ್ಳೆಯ ಪ್ರವೇಶದ್ವಾರ. ಮಳೆ ಕೈಕೊಡುವ ಮೊದಲೇ ಅದರ ಭಯ ಗೋದಾಮಿನ ಬಾಗಿಲು ಹಾಕಿಸಿತ್ತು ಎಂಬುದನ್ನು ಗಮನಿಸಿ. ಮುಂಗಾರನ್ನು ಕೆಡಿಸಬಲ್ಲ ಎಲ್ ನಿನೋ ಸುದ್ದಿ ಆ ಬೇಸಿಗೆಯಿಂದಲೇ ಓಡಾಡುತ್ತಿತ್ತು.

ಮೊದಲು ಆಹಾರ ಭದ್ರತೆ ಎಂದರೇನೆಂದು ಗಟ್ಟಿಮಾಡಿಕೊಳ್ಳೋಣ. ಉಗ್ರಾಣದಲ್ಲಿ ಧಾನ್ಯವಿದ್ದರೆ ಸಾಕು ಎಂದು ಬಹಳ ಮಂದಿ ತಿಳಿದಿದ್ದಾರೆ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಇದಕ್ಕೆ ಕೊಟ್ಟ ಅರ್ಥ ಇನ್ನೂ ಅಗಲವಾದದ್ದು. ಅದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಆಹಾರ ಇರಬೇಕು, ಕೈಗೆಟುಕಬೇಕು, ಮೈಗೆ ಹತ್ತಬೇಕು, ಮತ್ತು ಈ ಮೂರೂ ಒಂದು ವರ್ಷ ಇದ್ದು ಮರುವರ್ಷ ಮಾಯವಾಗಬಾರದು. ನೀರು ಈ ನಾಲ್ಕನ್ನೂ ಬೇರೆ ಬೇರೆ ದಾರಿಯಿಂದ ಅಲುಗಾಡಿಸುತ್ತದೆ. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಮಾತ್ರ ಹೆಚ್ಚಾಗಿ ಮೊದಲನೆಯದು.

ಬೆಳೆಗೆ ಇಷ್ಟೊಂದು ನೀರು ಯಾಕೆ ಬೇಕು? ಗಿಡ ತನ್ನ ಮೈಯಲ್ಲಿ ಉಳಿಸಿಕೊಳ್ಳುವ ನೀರು ಬಲು ಕಡಿಮೆ. ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಹೀರಲು ಎಲೆ ತನ್ನ ಸಣ್ಣ ರಂಧ್ರಗಳನ್ನು ತೆರೆಯಲೇಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ರಂಧ್ರ ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಈ ಚೌಕಾಸಿಯಲ್ಲಿ ರಾಗಿ, ಜೋಳ, ಮೆಕ್ಕೆಜೋಳ ಸ್ವಲ್ಪ ಜಾಣ ಬೆಳೆಗಳು. ಭತ್ತ, ಗೋಧಿ ಅಷ್ಟಿಲ್ಲ. ಭತ್ತಕ್ಕೆ ಗದ್ದೆಯಲ್ಲಿ ನಿಲ್ಲಿಸುವ ನೀರೂ ಸೇರುತ್ತದೆ. ಮಳೆ, ಕಾಲುವೆ, ಬಾವಿ ಎಲ್ಲವನ್ನೂ ಕೂಡಿಸಿದರೆ ಒಂದು ಕಿಲೋ ಅಕ್ಕಿಗೆ ಸರಾಸರಿ 2,500 ಲೀಟರ್ ನೀರು ಎಂಬುದು ರೂಢಿಯ ಲೆಕ್ಕ. ಹಾಗಿದ್ದರೆ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಒಬ್ಬರಿಗೆ ತಿಂಗಳಿಗೆ ಸಿಗುವ ಐದು ಕಿಲೋದಲ್ಲಿ 12,500 ಲೀಟರ್ ಇದೆ. ಬೆಂಗಳೂರಿನ ಬೇಸಿಗೆಯಲ್ಲಿ ಓಡಾಡುವ 6,000 ಲೀಟರಿನ ಟ್ಯಾಂಕರ್ ಎರಡು ತುಂಬಿ ಇನ್ನೂ ಮಿಗುತ್ತದೆ. ನಾವು ಕುಡಿಯುವ ನೀರು ದಿನಕ್ಕೆ ಮೂರೋ ನಾಲ್ಕೋ ಲೀಟರ್. ತಿನ್ನುವ ನೀರು ಸಾವಿರಾರು. ದೇಶದಲ್ಲಿ ನದಿ, ಕೆರೆ, ಬಾವಿಗಳಿಂದ ಎತ್ತುವ ನೀರಿನಲ್ಲಿ ಸುಮಾರು ಶೇ 90 ಹೊಲಗದ್ದೆಗೇ ಹೋಗುವುದು ಇದರಿಂದಾಗಿಯೇ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂಬ ಉಪದೇಶ ಒಳ್ಳೆಯದೇ, ಆದರೆ ಆಹಾರದ ಪ್ರಶ್ನೆ ಅಲ್ಲಿಲ್ಲ.

ಇನ್ನೊಂದು ಮಾತು. ವರ್ಷದ ಒಟ್ಟು ಮಳೆ ಇಷ್ಟು ಸೆಂಟಿಮೀಟರ್ ಎಂಬ ಅಂಕಿಯಿಂದ ಬೆಳೆಯ ಕಥೆ ತಿಳಿಯುವುದಿಲ್ಲ. ಹೂ ಬಿಡುವ, ಕಾಳು ಕಟ್ಟುವ ಹೊತ್ತಿಗೆ ಹದಿನೈದು ದಿನ ಮಳೆ ತಪ್ಪಿದರೆ ತೆನೆಯಲ್ಲಿ ಜೊಳ್ಳೇ ಜಾಸ್ತಿ. ಆಮೇಲೆ ಎಷ್ಟು ಸುರಿದರೂ ಆ ಕಾಳು ತುಂಬುವುದಿಲ್ಲ. ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಿದ್ದುದಕ್ಕೆ ಕಾರಣ ಇದೇ ಇರಬೇಕು. ಪ್ರಮಾಣಕ್ಕಿಂತ ಸಮಯ ಮುಖ್ಯ ಎಂದು ಅವರಿಗೆ ಗೊತ್ತಿತ್ತು.

ದೇಶದ ಸಾಗುವಳಿ ಭೂಮಿಯಲ್ಲಿ ಅರ್ಧದ ಹತ್ತಿರ ಇಂದಿಗೂ ಮಳೆಯಾಶ್ರಿತ. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವವರು ಮಣ್ಣು ಹೀರಿಟ್ಟುಕೊಂಡ ತೇವವನ್ನೇ ನಂಬಿ ಬಿತ್ತುತ್ತಾರೆ. ಅಲ್ಲಿ ಪಂಪೂ ಇಲ್ಲ, ಕಾಲುವೆಯೂ ಇಲ್ಲ, ನೀರಾವರಿ ಅಂಕಿಅಂಶದಲ್ಲಿ ಆ ನೀರಿಗೆ ಜಾಗವೂ ಇಲ್ಲ. ಸರ್ಕಾರದ ಲೆಕ್ಕಕ್ಕೆ ಸಿಗುವುದು ಅಣೆಕಟ್ಟೆಯಲ್ಲಿ ಅಳೆಯಬಹುದಾದ ನೀರು ಮಾತ್ರ. ಯೋಜನೆ, ದುಡ್ಡು, ಬೆಲೆ ಎಲ್ಲವೂ ಅಲ್ಲಿಗೇ ಹರಿದವು. ಹಾಗಾದದ್ದು ಹೇಗೆಂದು ತಿಳಿಯಲು 1965ಕ್ಕೆ ಹೋಗಬೇಕು.

ಆ ವರ್ಷ ಮುಂಗಾರು ಸೋತಿತು. ಹಿಂದಿನ ವರ್ಷ 8.9 ಕೋಟಿ ಟನ್ ಇದ್ದ ದೇಶದ ಆಹಾರ ಧಾನ್ಯ ಉತ್ಪಾದನೆ 7.2 ಕೋಟಿ ಟನ್ನಿಗೆ ಕುಸಿಯಿತು. ಮರುವರ್ಷವೂ ಬರ. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹಡಗಿನಲ್ಲಿ ಬಂತು, ಬಹುಪಾಲು ಅಮೆರಿಕದಿಂದ, ಪಿಎಲ್ 480 ಕಾನೂನಿನಡಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಆ ಗೋಧಿಯನ್ನು ಒಮ್ಮೆಗೇ ಬಿಡಲಿಲ್ಲ. ಭಾರತದ ಕೃಷಿ ನೀತಿ ಹೇಗಿದೆ, ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಏನನ್ನುತ್ತದೆ ಎಂದು ನೋಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಸೋಮವಾರ ಒಂದು ಹೊತ್ತು ಊಟ ಬಿಡಿ ಎಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಜನರನ್ನು ಕೇಳಿಕೊಂಡದ್ದು ಆ ದಿನಗಳಲ್ಲೇ. ಮಳೆ ತಪ್ಪಿದ್ದರಿಂದ ವಿದೇಶಾಂಗ ನೀತಿಯ ಮೇಲೆ ಒತ್ತಡ ಬಂದಿತ್ತು. ಅದರ ಕಹಿ ಆ ತಲೆಮಾರಿನ ನಾಯಕರಿಗೆ ಮರೆಯಲಿಲ್ಲ.

ಆಹಾರ ಸಚಿವ ಸಿ. ಸುಬ್ರಮಣ್ಯಂ, ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್, ನಾರ್ಮನ್ ಬೋರ್ಲಾಗ್ ಹೆಸರುಗಳು ಇಲ್ಲಿ ಬರುತ್ತವೆ. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಕುಳ್ಳ ಗೋಧಿಯ ಬಿತ್ತನೆ ಬೀಜ ಬಂತು. ಆ ಬೀಜ ಗೊಬ್ಬರಕ್ಕೆ ಒಲಿಯುತ್ತಿತ್ತು, ಆದರೆ ಗೊಬ್ಬರ ಕೆಲಸ ಮಾಡಬೇಕಾದರೆ ಹೇಳಿದ ಹೊತ್ತಿಗೆ ನೀರು ಬೇಕು. ನೀರು ನೆಚ್ಚಬಹುದಾದ ಜಾಗ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶ. ಬೆಳೆದದ್ದನ್ನು ಕೊಳ್ಳಲು 1965ರಲ್ಲೇ ಆಹಾರ ನಿಗಮ ಹುಟ್ಟಿತ್ತು. ಬೆಂಬಲ ಬೆಲೆ ಘೋಷಣೆಯಾಗುವುದು ಇಪ್ಪತ್ತಕ್ಕೂ ಹೆಚ್ಚು ಬೆಳೆಗಳಿಗೆ. ಸರ್ಕಾರ ಬಂದು ನಿಜವಾಗಿ ರಾಶಿ ರಾಶಿ ಕೊಂಡದ್ದು ಗೋಧಿ ಮತ್ತು ಭತ್ತವನ್ನು.

ಪಂಜಾಬಿನವರು ರೊಟ್ಟಿ ತಿನ್ನುವ ಜನ. ಮೆಕ್ಕೆಜೋಳ, ಸಜ್ಜೆ, ಕಡಲೆ, ಹತ್ತಿ ಬೆಳೆಯುತ್ತಿದ್ದ ನಾಡು ಅದು. 1960-61ರಲ್ಲಿ ಅಲ್ಲಿ ಭತ್ತ ಇದ್ದದ್ದು ಎರಡು ಕಾಲು ಲಕ್ಷ ಹೆಕ್ಟೇರಿನಷ್ಟು. ಈಗ ಮೂವತ್ತು ಲಕ್ಷ ಹೆಕ್ಟೇರಿಗೂ ಮೇಲೆ. ಮಳೆ ಅದಕ್ಕೆ ಸಾಲದು, ಕಾಲುವೆಯೂ ಸಾಲದು. ಕೊಳವೆಬಾವಿಗಳು ಹದಿನಾಲ್ಕು ಲಕ್ಷ ದಾಟಿದವು. 1990ರ ದಶಕದ ಕೊನೆಯಲ್ಲಿ ಪಂಪಿಗೆ ವಿದ್ಯುತ್ತೂ ಉಚಿತವಾಯಿತು. ದೇಶದ ಭೂಭಾಗದಲ್ಲಿ ಶೇ 1.5 ಇರುವ ಈ ರಾಜ್ಯ ಇಂದಿಗೂ ಕೇಂದ್ರದ ಉಗ್ರಾಣಕ್ಕೆ ಅಕ್ಕಿಯಲ್ಲಿ ಸುಮಾರು ಐದರಲ್ಲೊಂದು ಪಾಲು, ಗೋಧಿಯಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲು ಕೊಡುತ್ತದೆ. ಮಳೆ ಧಾರಾಳವಾಗಿ ಸುರಿಯುವ ಪೂರ್ವದ ಬಿಹಾರಕ್ಕೆ ಅರೆಶುಷ್ಕ ಪಂಜಾಬಿನ ಅಕ್ಕಿ ರೈಲಿನಲ್ಲಿ ಹೋದದ್ದೂ ಉಂಟು. ನೀರು ತಗ್ಗಿನ ಕಡೆ ಹರಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆವು. ಸರ್ಕಾರದ ಖರೀದಿ ಅದನ್ನು ಉಲ್ಟಾ ಹರಿಸಿತು.

ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಹಗೇವು ಇದ್ದುದನ್ನು ಕೇಳಿರುತ್ತೀರಿ. ನೆಲದೊಳಗೆ ಆಳವಾಗಿ ತೋಡಿ, ಸುಗ್ಗಿಯ ವರ್ಷ ಜೋಳ ತುಂಬಿ, ಬಾಯಿ ಮುಚ್ಚಿ, ಬರ ಬಂದಾಗ ತೆಗೆಯುವ ಕಣಜ. ಅಂತರ್ಜಲ ದೇಶದ ಹಗೇವು. ಒಳ್ಳೆ ಮಳೆಯಲ್ಲಿ ತುಂಬುತ್ತದೆ, ಕೆಟ್ಟ ವರ್ಷ ಕಾಯುತ್ತದೆ. ಪಂಜಾಬಿನಲ್ಲಿ ಅದನ್ನು ಸುಗ್ಗಿಯ ವರ್ಷವೂ ತೋಡಿದರು, ಬರದ ವರ್ಷವೂ ತೋಡಿದರು. ಮಳೆಯಿಂದ ನೆಲಕ್ಕೆ ಇಳಿದು ಎತ್ತಲು ಲಭ್ಯವಾಗುವುದು 100 ಪಾಲೆಂದರೆ ಅಲ್ಲಿ ಎತ್ತುತ್ತಿರುವುದು 150ಕ್ಕೂ ಹೆಚ್ಚು ಎನ್ನುತ್ತದೆ ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕ. ಗುರುತ್ವದಲ್ಲಾಗುವ ಸಣ್ಣ ಬದಲಾವಣೆ ಅಳೆಯುವ ನಾಸಾದ ಜೋಡಿ ಉಪಗ್ರಹಗಳಿಂದ 2009ರಲ್ಲಿ ಇನ್ನೊಂದು ಲೆಕ್ಕ ಹೊರಬಂತು: 2002ರಿಂದ 2008ರ ನಡುವಿನ ಆರು ವರ್ಷಗಳಲ್ಲಿ ರಾಜಸ್ಥಾನ, ಪಂಜಾಬ್, ಹರಿಯಾಣ ಮೂರೂ ಸೇರಿ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡಿದ್ದವು. ನಮಗೆ ಗೊತ್ತಿರುವ ಅಳತೆಯಲ್ಲಿ ಹೇಳಿದರೆ ಸುಮಾರು 3,850 ಟಿಎಂಸಿ. ಕನ್ನಂಬಾಡಿ ಕಟ್ಟೆಯ ಪೂರ್ಣ ಸಾಮರ್ಥ್ಯ 49 ಟಿಎಂಸಿ. ಎಪ್ಪತ್ತೈದಕ್ಕೂ ಹೆಚ್ಚು ಕನ್ನಂಬಾಡಿ.

ಆ ವರ್ಷಗಳಲ್ಲಿ ದೇಶದಲ್ಲಿ ಆಹಾರದ ಹಾಹಾಕಾರವಿರಲಿಲ್ಲ. ಗೋದಾಮು ತುಂಬಿದ್ದವು, ರಫ್ತು ನಡೆಯುತ್ತಿತ್ತು. ನೀರಿನ ಕೊರತೆ ಊಟಕ್ಕೆ ಬರುವ ದಾರಿಗಳಲ್ಲಿ ನನಗೆ ಅತಿ ಅಪಾಯಕರವೆನಿಸುವುದು ಇದೇ. ಬರ ಕಣ್ಣಿಗೆ ಕಾಣುತ್ತದೆ, ಪರಿಹಾರ ಸಿಗುತ್ತದೆ, ಮರುವರ್ಷ ಮಳೆ ಬಂದರೆ ಮುಗಿಯುತ್ತದೆ. ಹಗೇವು ಬರಿದಾಗುವುದು ದಾಖಲೆ ಬೆಳೆಯ ವರ್ಷಗಳಲ್ಲೇ, ಯಾರಿಗೂ ಕಾಣದಂತೆ.

ಇದಕ್ಕೆ ಪಂಜಾಬಿನ ರೈತರನ್ನು ಬೈಯುವವರಿದ್ದಾರೆ. ಖಾತ್ರಿಯಾಗಿ ಕೊಳ್ಳುವ ಬೆಳೆ ಎರಡೇ ಆದಾಗ, ವಿದ್ಯುತ್ ಪುಕ್ಕಟೆಯಾದಾಗ, ಅವರ ಜಾಗದಲ್ಲಿ ನೀವಾದರೂ ಅದನ್ನೇ ಬೆಳೆಯುತ್ತಿದ್ದಿರಿ. ಸರಿಪಡಿಸುವ ಯತ್ನಗಳೂ ಸಲೀಸಲ್ಲ. ಕಡುಬಿಸಿಲಿನಲ್ಲಿ ನಾಟಿ ಮಾಡಿದರೆ ಆವಿಯಾಗುವುದೇ ಹೆಚ್ಚೆಂದು 2009ರಲ್ಲಿ ಪಂಜಾಬ್ ಕಾಯ್ದೆ ತಂದು, ಜೂನ್ 10ಕ್ಕೆ ಮೊದಲು ಭತ್ತದ ನಾಟಿ ಕೂಡದೆಂದಿತು. ನಾಟಿ ತಡವಾದರೆ ಕಟಾವೂ ತಡ. ಗೋಧಿ ಬಿತ್ತನೆಗೆ ಉಳಿಯುವುದು ಎರಡು ಮೂರು ವಾರ. ಕೂಳೆ ತೆಗೆಯಲು ಪುರುಸೊತ್ತಿಲ್ಲದೆ ಬೆಂಕಿಯಿಟ್ಟರು, ಗಾಳಿ ನಿಂತುಬಿಡುವ ನವೆಂಬರಿನಲ್ಲಿ ದೆಹಲಿ ಕೆಮ್ಮಿತು. ದೆಹಲಿಯ ಹೊಗೆಗೆ ಕಾರಣಗಳು ಹಲವು, ಆದರೆ ನೀರುಳಿಸುವ ಕಾಯ್ದೆಯೂ ಅದರಲ್ಲೊಂದು. ಹರಿಯಾಣ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆಯುವವರಿಗೆ ಎಕರೆಗೆ 7,000 ರೂಪಾಯಿ ಕೊಡಲು ಶುರುಮಾಡಿತು. ದುಡ್ಡು ಒಂದು ಸಲ ಬರುತ್ತದೆ, ಮೆಕ್ಕೆಜೋಳವನ್ನು ಪ್ರತಿ ವರ್ಷ ಕೊಳ್ಳುವವರು ಯಾರು ಎಂಬ ರೈತರ ಪ್ರಶ್ನೆ ಹಾಗೇ ಉಳಿದಿದೆ.

ಪಂಜಾಬಿನ ಮುಂದಿನ ದಿನ ಹೇಗಿರಬಹುದೆಂದು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ, ಕೋಲಾರ ಸಾಕು. ಅಲ್ಲಿ ಪಂಜಾಬಿನಂತೆ ಆಳವಾದ ಮೆಕ್ಕಲು ಮರಳಿಲ್ಲ. ಇರುವುದು ಗಟ್ಟಿ ಕಲ್ಲು, ನೀರು ನಿಲ್ಲುವುದು ಅದರ ಸೀಳುಗಳಲ್ಲಿ ಮಾತ್ರ. ಸಣ್ಣ ಹಗೇವು, ಬೇಗ ಖಾಲಿಯಾಯಿತು. ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳಿದ್ದವು. ತೂಬಿನ ಕೆಳಗೆ ಭತ್ತ, ಮೇಲಿನ ಹೊಲದಲ್ಲಿ ರಾಗಿ. ಕೆರೆಯಲ್ಲಿ ಹೂಳು ತುಂಬಿತು, ರಾಜಕಾಲುವೆ ಮುಚ್ಚಿತು, ಬೋರು ಸಾವಿರ ಅಡಿ ದಾಟಿತು, ಬಂದ ನೀರಿನಲ್ಲಿ ಫ್ಲೋರೈಡ್ ಸಿಕ್ಕಿತು. ರೈತರು ಕಡಿಮೆ ನೀರಿನಲ್ಲಿ ಹೆಚ್ಚು ಕಾಸು ತರುವ ಟೊಮೆಟೊ, ಹಿಪ್ಪುನೇರಳೆ, ಹಾಲಿನ ಕಡೆ ತಿರುಗಿದರು. ಬುದ್ಧಿವಂತಿಕೆಯ ಕೆಲಸವೇ ಅದು. ಆದರೆ ಊಟದ ಅಕ್ಕಿ ಈಗ ಅಂಗಡಿಯಿಂದ ಬರಬೇಕು, ಟೊಮೆಟೊ ಬೆಲೆ ಬಿದ್ದ ವಾರ ಆ ಅಕ್ಕಿ ಕೈಗೆಟುಕುವುದಿಲ್ಲ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ತುಂಬುತ್ತಿದ್ದಾರೆ. ಬತ್ತಿದ ಬಾವಿಗಳಲ್ಲಿ ನೀರು ಕಂಡಿದೆ; ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂಬ ಬೇಡಿಕೆಯೂ ನಿಂತಿಲ್ಲ.

ಜಿಲ್ಲೆಯೊಂದು ಹೊರಗಿನಿಂದ ಅಕ್ಕಿ ತರಿಸಬಹುದು. ದೇಶ ತರಿಸಬಹುದೇ? ಲಂಡನ್ನಿನ ಪ್ರಾಧ್ಯಾಪಕ ಟೋನಿ ಅಲನ್ 1990ರ ದಶಕದಲ್ಲಿ ಇದಕ್ಕೆ ಹೌದು ಎಂಬಂಥ ಉತ್ತರ ಕೊಟ್ಟಿದ್ದರು. ಮಧ್ಯಪ್ರಾಚ್ಯದ ದೇಶಗಳು ನೀರಿಗಾಗಿ ಯುದ್ಧ ಮಾಡದಿರುವುದು ಯಾಕೆಂದರೆ ಅವು ಗೋಧಿ ಕೊಳ್ಳುತ್ತವೆ, ಗೋಧಿಯೊಳಗೆ ಅದೃಶ್ಯ ನೀರಿದೆ ಎಂದರು. ಸೌದಿ ಅರೇಬಿಯಾ ಮೊದಲು ಈ ಮಾತಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಮರಳುಗಾಡಿನಡಿಯ ಸಾವಿರಾರು ವರ್ಷ ಹಳೆಯ ನೀರೆತ್ತಿ 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ನಲವತ್ತು ಲಕ್ಷ ಟನ್ ಗೋಧಿ ಬೆಳೆದು ರಫ್ತೂ ಮಾಡಿತು. ಆ ನೀರು ಮತ್ತೆ ತುಂಬುವಂಥದ್ದಲ್ಲ. 2008ರಲ್ಲಿ ಖರೀದಿ ತಗ್ಗಿಸುತ್ತ ಬರಲು ತೀರ್ಮಾನಿಸಿ 2016ಕ್ಕೆ ನಿಲ್ಲಿಸಿಯೇಬಿಟ್ಟಿತು. ಅಲ್ಲಿನ ದೊಡ್ಡ ಡೇರಿ ಕಂಪನಿ ಅಲ್ಮರಾಯ್ 2014ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಸುಮಾರು ಹತ್ತು ಸಾವಿರ ಎಕರೆ ಕೊಂಡಿತು, ಮೇವು ಬೆಳೆದು ಹಡಗಿಗೇರಿಸಲು. ಎಣ್ಣೆಯ ದುಡ್ಡಿದೆ, ಜನ ಕಡಿಮೆ, ನಡೆಯುತ್ತದೆ.

ಭಾರತಕ್ಕೆ ಈ ದಾರಿಯೇ ಇಲ್ಲ. ಜಗತ್ತಿನ ಅಕ್ಕಿ ವ್ಯಾಪಾರವೆಲ್ಲ ಸೇರಿದರೆ ವರ್ಷಕ್ಕೆ ಐದೂವರೆ ಕೋಟಿ ಟನ್ ಆಸುಪಾಸು, ಅದರಲ್ಲಿ ಶೇ 40ರಷ್ಟು ನಮ್ಮದೇ. ನಾವು ತಿನ್ನುವುದು 11 ಕೋಟಿ ಟನ್ನಿಗೂ ಹೆಚ್ಚು. ಉಳಿದ ದೇಶಗಳು ಮಾರುವುದನ್ನೆಲ್ಲ ನಾವೊಬ್ಬರೇ ಬಾಚಿಕೊಂಡರೂ ಮೂರೂವರೆ ತಿಂಗಳು ಸಾಗೀತು. ಅಷ್ಟರಲ್ಲಿ ಆಫ್ರಿಕಾದ ಬಡ ದೇಶಗಳ ತಟ್ಟೆ ಬರಿದಾಗಿರುತ್ತದೆ. 2023ರಲ್ಲಿ ನಾವು ರಫ್ತು ನಿಲ್ಲಿಸಿದ್ದಕ್ಕೇ ಏಷ್ಯಾದಲ್ಲಿ ಅಕ್ಕಿ ಬೆಲೆ ಸುಮಾರು ಹದಿನೈದು ವರ್ಷಗಳ ಎತ್ತರಕ್ಕೆ ಹೋಗಿತ್ತು. ಹಾಗಾಗಿ ಪಂಜಾಬಿನ ನೀರು ಬರೀ ಪಂಜಾಬಿನ ಚಿಂತೆಯಲ್ಲ.

ಧಾನ್ಯ ಇದ್ದರೂ ಹಸಿವು ಇರಬಹುದು ಎಂಬುದು ಅಮರ್ತ್ಯ ಸೇನ್ 1943ರ ಬಂಗಾಳ ಕ್ಷಾಮವನ್ನು ಅಧ್ಯಯನ ಮಾಡಿ ತೋರಿಸಿದ ಸತ್ಯ. ಬರದಲ್ಲಿ ಕೂಲಿಯವರಿಗೆ ಮೊದಲು ಹೋಗುವುದು ಕಳೆ ಕೀಳುವ, ಕೊಯ್ಯುವ ದಿನಗೂಲಿ. ಬೆಲೆ ಏರುವುದು ಆಮೇಲೆ. ಸಣ್ಣ ರೈತರಂತೂ ಬೆಳೆಯುವವರೂ ಹೌದು, ಕೊಳ್ಳುವವರೂ ಹೌದು, ಎರಡೂ ಕಡೆಯಿಂದ ಏಟು. ಮೇವಿಲ್ಲದೆ ಹಸು ಮಾರಿದರೆ ಮಕ್ಕಳ ಹಾಲೂ ಹೋಯಿತು, ಡೇರಿಯ ವಾರದ ದುಡ್ಡೂ ಹೋಯಿತು. ಪಡಿತರ ಅಕ್ಕಿ ಹೊಟ್ಟೆ ತುಂಬಿಸುತ್ತದೆ. ಮಳೆಯಾಶ್ರಿತ ಹೊಲದ ತೊಗರಿ, ಹೆಸರು, ಶೇಂಗಾ ತಟ್ಟೆಯಿಂದ ಕಾಣೆಯಾದರೆ ಮೈಗೆ ಹತ್ತುವುದು ಕಡಿಮೆ. ಅಕ್ಕಿಯನ್ನು ರಫ್ತು ಮಾಡುವ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿದೆ.

ರಾಗಿಗೆ ಬರೋಣ. ದೇಶದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದ್ದು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಬೆರೆಸಿ ಇಂಡಾಫ್ ತಳಿಗಳನ್ನು ತಂದದ್ದೂ ಹಸಿರು ಕ್ರಾಂತಿಯ ಕಾಲದಲ್ಲೇ. ಕುಳ್ಳ ಗೋಧಿಯ ಹಿಂದೆ ನಿಂತಷ್ಟು ಖರೀದಿ ವ್ಯವಸ್ಥೆ ಆ ರಾಗಿಯ ಹಿಂದೆ ನಿಲ್ಲಲಿಲ್ಲ. ಈಗ ಬೆಂಬಲ ಬೆಲೆಗೆ ರಾಗಿ, ಜೋಳ ಕೊಂಡು ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳವನ್ನು ಪಡಿತರದಲ್ಲಿ ಕೊಡುವ ಕ್ರಮ ರಾಜ್ಯದಲ್ಲಿದೆ. ಒಂದು ವರ್ಷ ಸರಿಯಾಗಿ, ಇನ್ನೊಂದು ವರ್ಷ ಅರೆಬರೆ. ನನ್ನ ಮಟ್ಟಿಗೆ ಹನಿ ನೀರಾವರಿಗಿಂತ, ಹೊಸ ಅಣೆಕಟ್ಟೆಗಿಂತ ದೊಡ್ಡ ನೀರಿನ ಯೋಜನೆ ಈ ಖರೀದಿ ಕೇಂದ್ರವೇ. ಸರ್ಕಾರ ಏನು ಕೊಳ್ಳುತ್ತದೋ ನೆಲದ ನೀರು ಅದಕ್ಕೇ ಹೋಗುತ್ತದೆ.

ಇನ್ನು 2023ರ ಆ ಕೊರತೆ ಏನಾಯಿತು? ಎರಡೇ ವರ್ಷದಲ್ಲಿ ಮಳೆ ಚೆನ್ನಾಗಿ ಬಂದು, ಗೋದಾಮುಗಳಲ್ಲಿ ಅಕ್ಕಿ ಇಡಲು ಜಾಗ ಸಾಲದಾಯಿತು. ರಫ್ತು ನಿಷೇಧ ಹೋಯಿತು. 2024-25ರ ಎಥನಾಲ್ ವರ್ಷಕ್ಕೆ ಆಹಾರ ನಿಗಮದ 52 ಲಕ್ಷ ಟನ್ ಅಕ್ಕಿಯನ್ನು ಇಂಧನ ಮಾಡಲು ಕೊಡಬಹುದೆಂದು ಕೇಂದ್ರ ಅನುಮತಿಸಿತು. ಕಿಲೋಗೆ 2,500 ಲೀಟರ್ ಹಿಡಿದು ನೀವೇ ಗುಣಿಸಿ ನೋಡಿ: ಸುಮಾರು 460 ಟಿಎಂಸಿ, ಒಂಬತ್ತು ಕನ್ನಂಬಾಡಿ. ಅದರಲ್ಲಿ ಒಂದಷ್ಟು ಮಳೆಯ ನೀರು, ಅದು ಹೇಗೂ ಸುರಿಯುತ್ತಿತ್ತು. ಪಂಪಿನಿಂದ ಎತ್ತಿದ ಪಾಲು ಮಾತ್ರ ಪೆಟ್ರೋಲಿಗೆ ಬೆರೆಯಲು ಹೊರಟ ಹಗೇವಿನ ಕಾಳು, ಮತ್ತು ಗೋದಾಮಿನಂತೆ ಅದು ಎರಡು ಮಳೆಗಾಲದಲ್ಲಿ ತುಂಬುವುದಿಲ್ಲ.